ಅಡಿಕೆ ತೋಟದ ತೇವಾಂಶ ಮಾಪಕ ಮನೆಯ ವೈಫೈ ಹಿಡೀತಿಲ್ಲ, ದಾರಿ ತೋರಿಸಿ

ತೋಟದಮನೆ_ಸಾಗರ · ಮೇ 11, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು, ಮೂರೂವರೆ ಎಕರೆ ಅಡಿಕೆ ತೋಟ ಇದೆ. ಹೋದ ವರ್ಷ ಕೊಳೆರೋಗ ಬಂದು ಅರ್ಧಕ್ಕರ್ಧ ಕಾಯಿ ಉದುರಿತು. ಎರಡನೇ ಸಲದ ಬೋರ್ಡೋ ಔಷಧಿ ಹೊಡೆಸೋಣ ಅಂದರೆ ಮರ ಹತ್ತಿ ಹೊಡೆಯೋ ಕೊನೆಗಾರರು ಸಿಕ್ಕಿದ ದಿನ ಮಳೆ, ಮಳೆ ಹೊಳವಾದ ದಿನ ಅವರು ಇನ್ನೊಬ್ಬರ ತೋಟದಲ್ಲಿ. ಅಪ್ಪ ದಿನಾ ಬೆಳಗ್ಗೆ ಜಗಲಿಯಲ್ಲಿ ನಿಂತು ಎದುರು ಗುಡ್ಡದ ಮಂಜು ನೋಡಿ ಲೆಕ್ಕ ಹಾಕ್ತಾರೆ. ಆದರೆ ನಮ್ಮ ತೋಟ ಇರೋದು ಮನೆಯಿಂದ ಕೆಳಗೆ, ಕಣಿವೆಯಲ್ಲಿ. ಜಗಲಿಗೆ ಬಿಸಿಲು ಬಿದ್ದ ಮೇಲೂ ಅಲ್ಲಿ ಹತ್ತು ಗಂಟೆವರೆಗೆ ಸೋಗೆಯಿಂದ ಹನಿ ತೊಟ್ಟಿಕ್ಕುತ್ತಲೇ ಇರುತ್ತೆ.

ಅದಕ್ಕೆ ಒಂದು ಇಎಸ್‌ಪಿ8266 ಅನ್ನೋ ವೈಫೈ ಚಿಪ್ಪಿನ ಸಣ್ಣ ಬೋರ್ಡು, ತಾಪಮಾನ, ಒತ್ತಡ, ತೇವಾಂಶ ಅಳೆಯೋ ಬಿಎಂಇ280 ಅಂತ ಒಂದು ಸೆನ್ಸರ್ ತರಿಸಿದೆ. ತೋಟದ ಮೇಲ್ತುದಿಯ ಪಂಪ್ ಮನೆಯಲ್ಲಿಟ್ಟರೆ ಮನೆಯ ಫೈಬರ್ ರೂಟರ್ ಸುಮಾರು 60 ಮೀಟರ್. ಮೊಬೈಲಿಗೆ ಅಲ್ಲಿ ವೈಫೈ ಒಂದು ಕಡ್ಡಿ ತೋರಿಸುತ್ತೆ. ಬೋರ್ಡು ಮಾತ್ರ ರೂಟರ್ ಪಕ್ಕದಲ್ಲೇ ಇಟ್ಟರೂ ಸೇರೋದಿಲ್ಲ. ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡು ಕಳಿಸೋ ಅಕ್ಷರ ಲ್ಯಾಪ್‌ಟಾಪಿನಲ್ಲಿ ತೋರಿಸೋ ಕಿಟಕಿ) ಚುಕ್ಕೆ ಮೇಲೆ ಚುಕ್ಕೆ ಬರ್ತಾ ಹೋಗುತ್ತೆ, ಅಷ್ಟೇ. ಪಾಸ್‌ವರ್ಡ್ ಹತ್ತು ಸಲ ನೋಡಿದೆ, ಸರಿಯಾಗೇ ಇದೆ. ಮೃಗಶಿರ ಮಳೆ ಹಿಡಿಯೋದರೊಳಗೆ ಕೂರಿಸಬೇಕು ಅನ್ನೋ ಆಸೆ.

ಬೆಸುಗೆಕಡ್ಡಿ · ಮೇ 11, ರಾತ್ರಿ 10:05

ಚುಕ್ಕೆ ಪ್ರಿಂಟ್ ಮಾಡೋ ಜಾಗದಲ್ಲಿ ವೈಫೈ ಸ್ಟೇಟಸ್‌ನ ಅಂಕಿ ಪ್ರಿಂಟ್ ಮಾಡಿ ನೋಡಿ. ಚುಕ್ಕೆಯಿಂದ ಏನೂ ತಿಳಿಯೋದಿಲ್ಲ. 3 ಬಂದರೆ ಸೇರಿದೆ ಅಂತ. ನಿಮಗೆ ಯಾವ ಅಂಕಿ ಬರ್ತಿದೆ?

ಘಟ್ಟದಕೆಳಗಿನವ · ಮೇ 11, ರಾತ್ರಿ 10:31

ನಾನು ಪುತ್ತೂರು ಹತ್ತಿರದವ, ನಮ್ಮಲ್ಲಿಯೂ ಅಡಿಕೆ. ಎರಡು ವರ್ಷ ಹಿಂದೆ ನಮಗೆ ಸಹ ಹೀಗೇ ಆಗಿತ್ತು. ರೂಟರಿನಲ್ಲಿ ವೈಫೈ ಭದ್ರತೆಯ ಹೊಸ ಕ್ರಮ ಡಬ್ಲ್ಯೂಪಿಎ3 ಮಾತ್ರ ಇಟ್ಟಿದ್ದರೆ ಈ ಹಳೆ ಚಿಪ್ಪು ಸೇರುವುದಿಲ್ಲ ಮಾರಾಯ್ರೆ. ಡಬ್ಲ್ಯೂಪಿಎ2 ಮಾಡಿ ನೋಡಿ. ಈ ಚರ್ಚೆಯನ್ನು ನಾನು ಹಿಂಬಾಲಿಸುತ್ತೇನೆ, ನಮಗೂ ಬೇಕಾದ ವಿಷಯ ಇದು.

ತೋಟದಮನೆ_ಸಾಗರ · ಮೇ 12, ಬೆಳಗ್ಗೆ 6:50

ಡಬ್ಲ್ಯೂಪಿಎ2 ಮೊದಲೇ ಇತ್ತು. ಅಂಕಿ 1 ಬರ್ತಿದೆ, ಒಂದೇ ಸಮನೆ 1.

ಮೇಷ್ಟ್ರು_ಧಾರವಾಡ · ಮೇ 12, ಬೆಳಗ್ಗೆ 8:15

ತಮ್ಮಾ, 1 ಅಂದ್ರ ಆ ಹೆಸರಿನ ನೆಟ್‌ವರ್ಕ್ ಬೋರ್ಡಿನ ಕಣ್ಣಿಗೇ ಬಿದ್ದಿಲ್ಲ ಅಂತ ಅರ್ಥ. ಪಾಸ್‌ವರ್ಡಿನ ಮಾತು ಆಮ್ಯಾಲೆ ಬರ್ತದ. ಇಎಸ್‌ಪಿ8266 ಚಿಪ್ಪಿಗೆ 2.4 ಗಿಗಾಹರ್ಟ್ಸ್ ಬಿಟ್ರ ಬ್ಯಾರೆ ಏನೂ ಕೇಳಸಂಗಿಲ್ಲ. ನಿನ್ನ ಮೊಬೈಲು 5 ಗಿಗಾಹರ್ಟ್ಸಿನ ಮ್ಯಾಲೆ ಕುಂತಿದ್ರ ಅದಕ್ಕ ಸಿಗ್ತದ, ಬೋರ್ಡಿಗೆ ಸಿಗಂಗಿಲ್ಲ. ಎರಡೂ ಬ್ಯಾಂಡಿಗೆ ಒಂದೇ ಹೆಸರು ಇದ್ರೂ ಸಾಮಾನ್ಯಕ್ಕ ಕೂಡತದ, ಹೆಸರು ಬ್ಯಾರೆ ಮಾಡ್ಲಿಕ್ಕೇಬೇಕು ಅಂತ ಮಂದಿ ಹೇಳೋದು ಪೂರ್ತಿ ಖರೇ ಅಲ್ಲ. ಆದ್ರ 2.4 ಚಾಲೂ ಇರಬೇಕು. ರೂಟರಿನ ಸೆಟ್ಟಿಂಗಿಗೆ ಹೋಗಿ ಅದನ್ನ ಮೊದಲು ನೋಡು. ಹೆಸರನ್ಯಾಗ ಕ್ಯಾಪಿಟಲ್ ಸ್ಮಾಲ್ ಅಕ್ಷರ, ಕೊನೀಗೆ ಒಂದು ಖಾಲಿ ಜಾಗ, ಇವನ್ನೂ ನೋಡು. ನಮ್ಮ ಸಾಲ್ಯಾಗ ಒಂದು ಹುಡುಗ ಆ ಖಾಲಿ ಜಾಗದ ಸಲುವಾಗಿ ಎರಡು ದಿನ ಕಳದಾನ.

ತೋಟದಮನೆ_ಸಾಗರ · ಮೇ 12, ಸಂಜೆ 7:40

ಮೇಷ್ಟ್ರೇ, ಕೈಮುಗಿದೆ. 2.4 ಬ್ಯಾಂಡೇ ಆಫ್ ಆಗಿತ್ತು. ರಜೆಗೆ ಬಂದಿದ್ದ ಅಕ್ಕನ ಮಗ ವಿಡಿಯೋ ನಿಲ್ಲುತ್ತೆ ಅಂತ ಆಫ್ ಮಾಡಿದ್ದನಂತೆ. ಆನ್ ಮಾಡಿದ ಹತ್ತು ಸೆಕೆಂಡಿಗೆ 3 ಬಂತು. ಅಪ್ಪನನ್ನು ಕರೆದು ತೋರಿಸಿದೆ.

ಆದರೆ ಖುಷಿ ಪಂಪ್ ಮನೆವರೆಗೂ ಉಳಿಯಲಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಚೆನ್ನಾಗಿ ನಡೆಯುತ್ತೆ. ಪಂಪ್ ಮನೆಯಲ್ಲಿ ಮೊಬೈಲ್ ಚಾರ್ಜರಿಗೆ ಹಾಕಿದರೆ ಸೇರೋ ಹೊತ್ತಿಗೆ ಸರಿಯಾಗಿ ರೀಸ್ಟಾರ್ಟ್ ಆಗುತ್ತೆ. ನೀಲಿ ದೀಪ ಮಿನುಗುತ್ತೆ, ಆರುತ್ತೆ, ಮತ್ತೆ ಮಿನುಗುತ್ತೆ.

ಬೆಸುಗೆಕಡ್ಡಿ · ಮೇ 12, ರಾತ್ರಿ 9:02

ಚಾರ್ಜರ್‌ನಿಂದ ಬೋರ್ಡಿಗೆ ಕೇಬಲ್ ಎಷ್ಟು ಉದ್ದ?

ತೋಟದಮನೆ_ಸಾಗರ · ಮೇ 12, ರಾತ್ರಿ 9:10

ಸ್ವಿಚ್ ಬೋರ್ಡ್ ಒಳಗಿದೆ, ಸೆನ್ಸರ್ ಹೊರಗೆ ಮಾಡಿನ ಕೆಳಗೆ ಬೇಕು. ಆರು ಮೀಟರ್ ಕೇಬಲ್. ಪೇಟೆಯಲ್ಲಿ ಸಿಕ್ಕಿದ್ದು, ತೆಳುವಾಗಿದೆ.

ಬೆಸುಗೆಕಡ್ಡಿ · ಮೇ 12, ರಾತ್ರಿ 9:45

ಹಾಗಾದರೆ ಕೋಡ್ ಮುಟ್ಟಬೇಡಿ, ತಪ್ಪು ಕೇಬಲ್‌ನದು. ಈ ಚಿಪ್ ಸುಮ್ಮನಿದ್ದಾಗ ಕುಡಿಯೋದು ಕಡಿಮೆ, ರೇಡಿಯೋ ಎದ್ದ ಕ್ಷಣದಲ್ಲಿ 300 ಮಿಲಿಆಂಪಿಯರ್ ದಾಟುತ್ತೆ. ತೆಳು ತಂತಿಯಲ್ಲಿ ಹೋಗಿ ಬರೋದು ಸೇರಿ 12 ಮೀಟರ್, ಅಂದಾಜು ಎರಡೂವರೆ ಓಮ್. ಆ ಕ್ಷಣ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತೆ. 5 ಹೊರಟಿದ್ದು 4.25 ಆಗಿ ಬಂತು. ಬೋರ್ಡಿನ ಮೇಲಿರೋ ರೆಗ್ಯುಲೇಟರ್ 3.3 ಕೊಡಬೇಕಾದರೆ ಅದಕ್ಕಿಂತ ಒಂದು ವೋಲ್ಟಿಗೂ ಹೆಚ್ಚು ಮೇಲಿರಬೇಕು. ಅಲ್ಲಿಗೆ ಸಾಲದು, ಚಿಪ್ ಕಣ್ಣು ಮುಚ್ಚುತ್ತೆ. ಮೀಟರಿನಲ್ಲಿ ನೋಡಿದರೆ ಗೊತ್ತಾಗೋದಿಲ್ಲ, ಯಾಕಂದರೆ ಕುಸಿತ ಕೆಲವೇ ಮಿಲಿಸೆಕೆಂಡಿನದು.

ಚಾರ್ಜರ್‌ಗೂ ಬೋರ್ಡಿಗೂ ಅರ್ಧ ಮೀಟರ್ ದಪ್ಪ ಕೇಬಲ್ ಇಡಿ. ಬೋರ್ಡಿನ 3.3 ಮತ್ತು ಗ್ರೌಂಡ್ ಮಧ್ಯೆ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ, ಧನ-ಋಣ ನೋಡಿಕೊಂಡು. ಹೊರಗೆ ಹೋಗಬೇಕಾದ್ದು ಸೆನ್ಸರ್, ಬೋರ್ಡಲ್ಲ. ಸೆನ್ಸರಿನ ನಾಲ್ಕು ತಂತಿ ಅರ್ಧ-ಮುಕ್ಕಾಲು ಮೀಟರ್‌ವರೆಗೆ ತೊಂದರೆ ಕೊಡೋದಿಲ್ಲ.

ತೋಟದಮನೆ_ಸಾಗರ · ಮೇ 15, ರಾತ್ರಿ 8:30

ಕೇಬಲ್ ಬದಲಿಸಿದೆ, ಕೆಪ್ಯಾಸಿಟರ್ ಹಾಕಿದೆ. ಮೂರು ದಿನದಿಂದ ಒಂದು ಸಲವೂ ರೀಸ್ಟಾರ್ಟ್ ಇಲ್ಲ. ಸಿಗ್ನಲ್ ಮೈನಸ್ 71 (ಸೊನ್ನೆಗೆ ಹತ್ತಿರ ಇದ್ದಷ್ಟೂ ಬಲ). ಹಳೇ ಲ್ಯಾಪ್‌ಟಾಪಿನಲ್ಲಿ ಮಸ್ಕೀಟೋ ಅನ್ನೋ ತಂತ್ರಾಂಶ ಹಾಕಿ, ಎಂಕ್ಯುಟಿಟಿ ಅನ್ನೋ ಸಂದೇಶ ಕ್ರಮದಲ್ಲಿ ಅಂಕಿ ತರಿಸ್ಕೊಳ್ತಿದ್ದೇನೆ. ತಾಪಮಾನ ಬರುತ್ತೆ, ಒತ್ತಡ ಬರುತ್ತೆ. ತೇವಾಂಶ ಮಾತ್ರ ಸೊನ್ನೆ. ನನಗೆ ಬೇಕಾಗಿದ್ದೇ ಅದು.

ಘಟ್ಟದಕೆಳಗಿನವ · ಮೇ 15, ರಾತ್ರಿ 8:52

ನಿಮಗೆ ಬಿಎಂಪಿ280 ಕೊಟ್ಟಿದ್ದಾರೆ. ಅದರಲ್ಲಿ ತೇವಾಂಶವೇ ಇಲ್ಲ. ನನಗೂ ಒಬ್ಬ ಮಾರಾಟಗಾರ ಹಾಗೇ ಕಳುಹಿಸಿದ್ದ, ಬೋರ್ಡಿನ ಮೇಲೆ ಎರಡೂ ಹೆಸರು ಒಟ್ಟಿಗೆ ಅಚ್ಚು ಹಾಕಿ. ಭೂತಗನ್ನಡಿಯಲ್ಲಿ ನೋಡಿ: ಹೊಳೆಯುವ ಲೋಹದ ಡಬ್ಬಿ ಸರಿಯಾದ ಚೌಕ ಇದ್ದರೆ ಬಿಎಂಇ, ಎರಡೂವರೆ ಮಿಲಿಮೀಟರ್‌ಗೆ ಎರಡೂವರೆ. ಒಂದು ಬದಿ ಗಿಡ್ಡವಾಗಿ ಆಯತ ಇದ್ದರೆ ಬಿಎಂಪಿ. ಕಣ್ಣಿಗೆ ನಂಬಿಕೆ ಬಾರದಿದ್ದರೆ ಚಿಪ್ ಐಡಿ, ಅಂದರೆ ಸೆನ್ಸರಿನೊಳಗಿನ ಗುರುತಿನ ಸಂಖ್ಯೆ, ಕೋಡಿನಿಂದ ಓದಿ. ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ.

ತೋಟದಮನೆ_ಸಾಗರ · ಮೇ 15, ರಾತ್ರಿ 9:30

58. ಬೇಸರವಾಯ್ತು. ಬಿಎಂಇ ಅಂತ ಬೆಲೆ ತಗೊಂಡು ಇದನ್ನು ಕಳಿಸಿದ್ದಾರೆ. ವಾಪಸ್ ಮಾಡೋ ದಿನ ಮುಗಿದಿದೆ. ಬೇರೆ ಕಡೆಯಿಂದ ತರಿಸ್ತೇನೆ. ಬಂದ ದಿನವೇ ಐಡಿ ಓದ್ತೇನೆ.

ಸ್ಟುಟ್‌ಗಾರ್ಟ್_ಕನ್ನಡಿಗ · ಮೇ 16, ಮಧ್ಯಾಹ್ನ 1:10

ಓದ್ತಾ ಬಂದೆ, ಸುಮ್ಮನಿರಲು ಆಗಲಿಲ್ಲ. ನಾನಿರುವ ಊರಿನಲ್ಲೇ 2015ರಲ್ಲಿ ಜನರೇ ಸೇರಿ ಗಾಳಿಯ ದೂಳು ಅಳೆಯುವ ಕೆಲಸ ಶುರು ಮಾಡಿದರು. ಮೊದಲು ಅದನ್ನು ಲುಫ್ಟ್‌ಡಾಟೆನ್ ಅನ್ನುತ್ತಿದ್ದರು, ಈಗ ಸೆನ್ಸರ್ ಕಮ್ಯುನಿಟಿ. ಅವರ ಪೆಟ್ಟಿಗೆಯಲ್ಲಿ ಇರುವುದೂ ನಿಮ್ಮ ಹಾಗೇ ಇಎಸ್‌ಪಿ8266, ಜೊತೆಗೆ ದೂಳಿನ ಲೇಸರ್ ಸೆನ್ಸರ್, ಒಂದು ಬಿಎಂಇ280. ನನ್ನ ಬಾಲ್ಕನಿಯಲ್ಲೂ ಒಂದು ನೇತಾಡುತ್ತಿದೆ.

ಅವರಿಂದ ಎರಡು ವಿಷಯ ಕಲಿತೆ. ಒಂದು: ವೈಫೈ ಹೆಸರು, ಪಾಸ್‌ವರ್ಡು ಕೋಡಿನೊಳಗೆ ಬರೆಯಬೇಡಿ. ಬೋರ್ಡಿಗೆ ಮನೆಯ ನೆಟ್‌ವರ್ಕ್ ಸಿಗದಿದ್ದರೆ ತಾನೇ ಒಂದು ಹಾಟ್‌ಸ್ಪಾಟ್ ತೆರೆಯಬೇಕು. ಮೊಬೈಲಿನಿಂದ ಅದಕ್ಕೆ ಸೇರಿ ಬ್ರೌಸರಿನಲ್ಲಿ 192.168.4.1 ವಿಳಾಸಕ್ಕೆ ಹೋಗಿ ಹೊಸ ಪಾಸ್‌ವರ್ಡ್ ಬರೆದರೆ ಮುಗಿಯಿತು. ವೈಫೈ ಮ್ಯಾನೇಜರ್ ಅಂತ ಲೈಬ್ರರಿ ಇದೆ, ಅದೇ ಕೆಲಸ ಮಾಡುತ್ತೆ. ನೀವು ಊರಲ್ಲಿ ಇಲ್ಲದಾಗ ರೂಟರ್ ಬದಲಾದರೆ ನಿಮ್ಮ ತಂದೆಯವರೇ ಮಾಡಿಕೊಳ್ಳಬಹುದು. ಆದರೆ ಅದರಲ್ಲಿ ಕಾಯುವ ಅವಧಿಗೆ ಮಿತಿ ಇಡಿ. ಕರೆಂಟ್ ಹೋಗಿ ಬಂದಾಗ ಬೋರ್ಡು ಎರಡು ಸೆಕೆಂಡಿಗೆ ಎದ್ದುಬಿಡುತ್ತೆ, ರೂಟರ್ ಏಳುವುದಕ್ಕೆ ಎರಡು ನಿಮಿಷ ಬೇಕು. ಮಿತಿ ಇಡದಿದ್ದರೆ ಬೋರ್ಡು ಹಾಟ್‌ಸ್ಪಾಟ್ ತೆರೆದುಕೊಂಡು ಹಾಗೇ ಕೂತಿರುತ್ತೆ. ಐದು ನಿಮಿಷ ಯಾರೂ ಬರದಿದ್ದರೆ ರೀಸ್ಟಾರ್ಟ್ ಆಗಿ ಮತ್ತೆ ಪ್ರಯತ್ನಿಸಲಿ.

ಎರಡನೆಯದು ನಿಮ್ಮ ಕೊಳೆರೋಗಕ್ಕೆ ನೇರ ಸಂಬಂಧಪಟ್ಟದ್ದು. ಸೆನ್ಸರನ್ನು ಬೋರ್ಡಿನ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಬೇಡಿ. ಬೋರ್ಡಿನ ಬಿಸಿಗೆ ಸೆನ್ಸರ್ ಒಂದು ಡಿಗ್ರಿ ಹೆಚ್ಚು ತೋರಿಸಿದರೂ ಸಾಪೇಕ್ಷ ತೇವಾಂಶ ಐದಾರು ಅಂಕ ಕಡಿಮೆ ಬರುತ್ತೆ. ನಿಜಕ್ಕೂ 95 ಇರುವ ಕಡೆ 89 ಕಾಣುತ್ತೆ. ಆ ಅಂಕಿ ನಂಬಿದರೆ ನಷ್ಟ ತೋಟಕ್ಕೆ.

ಮೇಷ್ಟ್ರು_ಧಾರವಾಡ · ಮೇ 16, ಸಂಜೆ 6:20

ಇದು ಬರೋಬ್ಬರಿ ಮಾತು. ಹೊಸಾ ಸೆನ್ಸರ್ ಬಂದ ಮ್ಯಾಲೆ ತಮ್ಮಾ, ಅಡಿಗಿಮನ್ಯಾಗಿನ ಉಪ್ಪಿನಿಂದ ಪರೀಕ್ಷಾ ಮಾಡು. ಒಂದು ಬಿಗಿ ಮುಚ್ಚಳದ ಡಬ್ಬಿ ತಗೋ. ಸಣ್ಣ ಬಟ್ಟಲದಾಗ ಎರಡು ಚಮಚ ಉಪ್ಪು ಹಾಕಿ ನೀರಿನ ಹನಿ ಬಿಟ್ಟು, ಹಸೀ ಉಸುಕಿನ ಹಂಗ ಮಾಡು. ಕರಗಿ ನೀರಾಗಬಾರದು. ಅದರ ಬಾಜೂ ಸೆನ್ಸರ್ ಇಡು, ಉಪ್ಪು ತಾಗಬಾರದು. ಇಡೀ ರಾತ್ರಿ ಬಿಡು. ಒಳಗಿನ ಗಾಳಿ 75 ಪ್ರತಿಶತಕ್ಕ ಬಂದು ನಿಲ್ತದ, ನಮ್ಮ ಕಡೆ ಇರೋ ಉಷ್ಣತಾದಾಗ ಅದು ಹೆಚ್ಚೂಕಡಿಮಿ ಆಗಂಗಿಲ್ಲ. ನಿನ್ನ ಸೆನ್ಸರ್ 71 ತೋರಿಸಿದ್ರ ನಾಲ್ಕು ಕೂಡಿಸ್ಕೋ. ಮಕ್ಕಳಿಗೆ ಇದನ್ನ ಮಾಡಿ ತೋರಿಸ್ದಾಗ ಅವರ ಮುಖ ನೋಡಬೇಕು.

ಕಾಫಿಹೂವು · ಮೇ 17, ಬೆಳಗ್ಗೆ 9:00

ಮೂಡಿಗೆರೆಯಿಂದ. ನೀರು ಇಳಿಯದ ಹಾಗೆ ಡಬ್ಬಿ ಮಾಡೋದಕ್ಕಿಂತ ಇರುವೆ ಬಾರದ ಹಾಗೆ ಮಾಡೋದು ಕಷ್ಟ. ಬೋರ್ಡಿನ ಬೆಚ್ಚಗೆ ಇರುವೆಗಳು ಮೊಟ್ಟೆ ಹೊತ್ತುಕೊಂಡು ಬರುತ್ತವೆ. ತಂತಿ ಒಳಗೆ ಹೋಗೋ ಕಿಂಡಿ ಡಬ್ಬಿಯ ತಳದಲ್ಲಿರಲಿ. ತಂತಿ ಒಳಹೋಗುವ ಮೊದಲು ಒಂದು ಬಳುಕು ಕೆಳಗೆ ಇಳಿದಿರಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಸೆನ್ಸರಿಗೆ ಬಿಳಿ ಪ್ಲಾಸ್ಟಿಕ್ ತಟ್ಟೆ ಆರೇಳು ತಗೊಂಡು, ಮಧ್ಯ ಕೊರೆದು, ಬೆರಳಗಲ ಸಂದು ಬಿಟ್ಟು ಒಂದರ ಮೇಲೊಂದು ಕಟ್ಟಿ. ಗಾಳಿ ಆಡುತ್ತೆ, ಮಳೆ ಬೀಳೋದಿಲ್ಲ.

ತೋಟದಮನೆ_ಸಾಗರ · ಜೂನ್ 2, ರಾತ್ರಿ 9:15

ಹೊಸ ಸೆನ್ಸರ್ ಬಂತು, ಐಡಿ 60. ಉಪ್ಪಿನ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟೆ, ಬೆಳಗ್ಗೆ 72.6. ಎರಡೂವರೆ ಕೂಡಿಸಿಕೊಂಡೆ. ಅಮ್ಮ ಉಪ್ಪಿನ ಬಟ್ಟಲು ಯಾಕೆ ಮುಚ್ಚಿಟ್ಟಿದ್ದೀಯ ಅಂತ ಕೇಳಿದರು, ಕೂರಿಸಿ ವಿವರಿಸಿದೆ. ತಟ್ಟೆಗಳ ಗೂಡು ಅವರೇ ಕಟ್ಟಿಕೊಟ್ಟರು, ಬಾಳೆನಾರು ಹೊಸೆದ ಕೈ, ನನಗಿಂತ ಬಿಗಿಯಾಗಿ ಬಂತು. ಮೊದಲ ಸಲದ ಔಷಧಿಯೂ ಮೊನ್ನೆ ಮುಗೀತು.

ತೋಟದಮನೆ_ಸಾಗರ · ಜೂನ್ 19, ರಾತ್ರಿ 10:40

ಮಳೆ ಹಿಡಿದಿದೆ. ಮೂರು ದಿನದಿಂದ ಮಾಪಕ ದಿನಕ್ಕೆ ನಾಲ್ಕೈದು ಸಲ ಕಾಣೆಯಾಗುತ್ತೆ. ಮೇ ತಿಂಗಳಲ್ಲಿ ಮೈನಸ್ 71 ಇದ್ದ ಸಿಗ್ನಲ್ ಈಗ ಮೈನಸ್ 86. ಏನೂ ಬದಲಿಸಿಲ್ಲ. ಜೊತೆಗೆ ಪಂಪ್ ಮನೆಯ ಕರೆಂಟ್ ದಿನದಲ್ಲಿ ಕೆಲವೇ ಗಂಟೆ. ಬೇಕಾದ ದಿನಗಳಲ್ಲೇ ಅಂಕಿ ಇಲ್ಲ.

ಕಾಫಿಹೂವು · ಜೂನ್ 20, ಬೆಳಗ್ಗೆ 7:30

ಒದ್ದೆ ಸೊಪ್ಪಿನ ಕೆಲಸ ಅದು. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತೆ. ಒಣ ಸೋಗೆ ದಾಟಿದ್ದು ನೆಂದ ಸೋಗೆ ದಾಟೋದಿಲ್ಲ. ಬೇಸಿಗೆಯಲ್ಲಿ ಅಳೆದ ಸಿಗ್ನಲ್ ನೋಡಿ ಮಳೆಗಾಲದ ಜಾಗ ತೀರ್ಮಾನ ಮಾಡಬಾರದು, ಕನಿಷ್ಠ ಹದಿನೈದು ಅಂಕ ಕೈಯಲ್ಲಿ ಉಳಿದಿರಬೇಕು. ನಾನಾದರೆ ಮನೆಯ ಅಂಚಿನಲ್ಲಿ ಒಂದು ರಿಪೀಟರ್ ಇಡ್ತೇನೆ. ಸಾವಿರ-ಸಾವಿರದೈನೂರಕ್ಕೆ ಸಿಗುತ್ತೆ, ಬೇರೆ ಏನೂ ಕಲಿಯೋ ಅಗತ್ಯ ಇಲ್ಲ.

ಬೆಸುಗೆಕಡ್ಡಿ · ಜೂನ್ 20, ಬೆಳಗ್ಗೆ 10:12

ಕಾಫಿಹೂವು ಅವರೇ, ನಾನು ಒಪ್ಪೋದಿಲ್ಲ. ರಿಪೀಟರ್ ಸಿಗ್ನಲ್ ತರುತ್ತೆ, ಪಂಪ್ ಮನೆಗೆ ಕರೆಂಟ್ ತರೋದಿಲ್ಲ. ಬ್ಯಾಟರಿಯಲ್ಲಿ ನಡೆಸಬೇಕು ಅಂದರೆ ವೈಫೈ ದುಬಾರಿ: ಎದ್ದು, ನೆಟ್‌ವರ್ಕ್ ಹುಡುಕಿ, ಸೇರಿ, ವಿಳಾಸ ಪಡೆದು ಕಳಿಸೋಕೆ ಹಲವು ಸೆಕೆಂಡ್ ರೇಡಿಯೋ ಉರಿಯುತ್ತಿರಬೇಕು. ದುರ್ಬಲ ಸಿಗ್ನಲ್ ಇದ್ದರೆ ಇನ್ನೂ ಹೆಚ್ಚು.

ತೋಟದಿಂದ ಮನೆವರೆಗೆ ಲೋರಾ ಹಾಕಿ, ಕಡಿಮೆ ಕರೆಂಟಿನಲ್ಲಿ ಸಣ್ಣ ಸಂದೇಶ ದೂರ ಕಳಿಸೋ ರೇಡಿಯೋ ಅದು. ಮನೆಯ ಜಗಲಿಯಲ್ಲಿ ಒಂದು ಬೋರ್ಡ್ ಲೋರಾದಲ್ಲಿ ಕೇಳಿಸಿಕೊಂಡು ವೈಫೈಗೆ ಕೊಡಲಿ. ವೈಫೈ ಚೆನ್ನಾಗಿರೋದು ಮನೆಯಲ್ಲಿ, ಅಲ್ಲೇ ಬಳಸಿ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪರವಾನಗಿ ಬೇಡದ ಪಟ್ಟಿ. 868 ಅಂತ ಬರೆದ ಎಸ್‌ಎಕ್ಸ್1276 ಮೋಡ್ಯೂಲ್ ತಗೊಂಡು ಕೋಡಿನಲ್ಲಿ 866 ಇಡಿ. ಎಸ್‌ಎಕ್ಸ್1278 ಬೇಡ, ಅದು 433ರದ್ದು, ನೋಡೋಕೆ ಒಂದೇ ಥರ ಇರುತ್ತೆ. ಆಂಟೆನಾ ಸಿಕ್ಕಿಸದೆ ಯಾವತ್ತೂ ಕರೆಂಟ್ ಕೊಡಬೇಡಿ, ಕಳಿಸಿದ ಶಕ್ತಿ ಹೋಗೋ ದಾರಿ ಇಲ್ಲದೆ ಮೋಡ್ಯೂಲನ್ನೇ ಸುಡಬಹುದು. ಎರಡೂ ಕಡೆ ಫ್ರೀಕ್ವೆನ್ಸಿ, ಸ್ಪ್ರೆಡಿಂಗ್ ಫ್ಯಾಕ್ಟರ್, ಬ್ಯಾಂಡ್‌ವಿಡ್ತ್ ಒಂದೇ ಇರಬೇಕು. ಒಂದು ತಪ್ಪಿದರೂ ಪೂರ್ತಿ ಮೌನ. ಸ್ಪ್ರೆಡಿಂಗ್ ಫ್ಯಾಕ್ಟರ್ (ಹೆಚ್ಚಿಸಿದಷ್ಟೂ ದೂರ ಹೋಗುತ್ತೆ, ನಿಧಾನ ಆಗುತ್ತೆ) 7ರಿಂದ ಶುರು ಮಾಡಿ, 20 ಬೈಟ್ ಹೋಗೋಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. 12ಕ್ಕೆ ಹೋದರೆ ಅದೇ ಒಂದು ಸೆಕೆಂಡ್ ದಾಟುತ್ತೆ, ಬ್ಯಾಟರಿ ಅಷ್ಟೂ ತಿನ್ನುತ್ತೆ.

ಮೇಷ್ಟ್ರು_ಧಾರವಾಡ · ಜೂನ್ 20, ರಾತ್ರಿ 8:00

ಬ್ಯಾಟರಿ ಲೆಕ್ಕ ಹೇಳ್ತೀನಿ. ಚಿಪ್ಪು ಗಾಢ ನಿದ್ದಿಗೆ ಹೋದ್ರ 20 ಮೈಕ್ರೋಆಂಪಿಯರ್ ಸುತ್ತಮುತ್ತ. ಆದ್ರ ಯುಎಸ್‌ಬಿ ಇರೋ ಬೋರ್ಡಿನ ಮ್ಯಾಲಿನ ರೆಗ್ಯುಲೇಟರ್, ದೀಪ ಎಲ್ಲಾ ಎಚ್ಚರ ಇರ್ತಾವ. ಬರೇ 5 ಮಿಲಿಆಂಪಿಯರ್ ಹೋದ್ರೂ ದಿನಕ್ಕ 120 ಆತು. 2,500 ಮಿಲಿಆಂಪಿಯರ್-ಅವರಿನ ಸೆಲ್ ಮೂರು ವಾರದಾಗ ಖಾಲಿ. ಸೋಗಿ ಕೆಳಗ, ಜುಲೈ ತಿಂಗಳದಾಗ, ಸೋಲಾರ್ ತಟ್ಟಿ ನಂಬಬ್ಯಾಡ. ಬೋರ್ಡ್ ಬಿಟ್ಟು ಬರೇ ಮೋಡ್ಯೂಲ್ ಬಳಸು, 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸೀದಾ ಕೊಡು, ರೆಗ್ಯುಲೇಟರೇ ಬೇಕಾಗಂಗಿಲ್ಲ. ನಿದ್ದಿಯಿಂದ ಏಳಬೇಕಂದ್ರ ಚಿಪ್ಪಿನ ಜಿಪಿಐಒ 16 ಅನ್ನೋ ಕಾಲನ್ನ (ಪಿನ್) ರೀಸೆಟ್ ಕಾಲಿಗೆ ಜೋಡಿಸೋದು ಮರೀಬ್ಯಾಡ. ಅದಿಲ್ಲಂದ್ರ ಮಲಗಿದ್ದು ಏಳಂಗಿಲ್ಲ.

ಕಾಫಿಹೂವು · ಜೂನ್ 20, ರಾತ್ರಿ 9:26

ಕರೆಂಟಿನ ಮಾತು ನಾನು ಯೋಚಿಸಿರಲಿಲ್ಲ, ನಮ್ಮ ಲೈನ್ ಮನೆಗಳಲ್ಲಿ ಸಿಂಗಲ್ ಫೇಸ್ ಯಾವಾಗಲೂ ಇರುತ್ತೆ. ಬೆಸುಗೆಕಡ್ಡಿ ಹೇಳಿದ್ದು ಸರಿ. ಒಂದು ಮಾತು: ಆಂಟೆನಾವನ್ನು ಮರದ ತುದಿಗೆ ಕಟ್ಟಬೇಡಿ, ಸಿಡಿಲಿಗೆ ಕರೆ ಕೊಟ್ಟ ಹಾಗೆ. ಆಳೆತ್ತರ ಸಾಕು.

ತೋಟದಮನೆ_ಸಾಗರ · ಜುಲೈ 8, ರಾತ್ರಿ 9:50

ಲೋರಾ ನಡೀತಿದೆ. ಮೊದಲ ಎರಡು ದಿನ ಮೌನ, ನೋಡಿದರೆ ಒಂದು ಕಡೆ ಬ್ಯಾಂಡ್‌ವಿಡ್ತ್ 125, ಇನ್ನೊಂದು ಕಡೆ 250 ಇಟ್ಟಿದ್ದೆ. ಈಗ ಹದಿನೈದು ನಿಮಿಷಕ್ಕೊಂದು ಅಂಕಿ. ಪಂಪ್ ಮನೆ ಬಿಟ್ಟು ತೋಟದ ನಟ್ಟನಡುವೆ, ತೀರಾ ಕೆಳಗಿನ ಮರದ ಸಾಲಿಗೆ ಇಳಿಸಿದ್ದೇನೆ. ಹತ್ತು ದಿನದಲ್ಲಿ ತಪ್ಪಿದ್ದು ಬೆರಳೆಣಿಕೆಯಷ್ಟು.

ಈಗ ಹೊಸ ತಲೆಬಿಸಿ. 90 ದಾಟಿದರೆ ಮೊಬೈಲಿಗೆ ಎಚ್ಚರಿಕೆ ಬರೋ ಹಾಗೆ ಮಾಡಿದ್ದೆ, ಕೊಳೆಗೆ ಅಷ್ಟು ತೇವ, 20ರಿಂದ 23 ಡಿಗ್ರಿ ತಂಪು ಹಿತ ಅಂತ ಓದಿದ್ದೆ. ಹಗಲೂ ರಾತ್ರಿ ಎಚ್ಚರಿಕೆ ಬರ್ತಿದೆ.

ಘಟ್ಟದಕೆಳಗಿನವ · ಜುಲೈ 9, ಬೆಳಗ್ಗೆ 7:05

ಪುನರ್ವಸು ಮಳೆಯಲ್ಲಿ ತೋಟದೊಳಗೆ 90 ದಾಟದ ಗಂಟೆ ಎಷ್ಟು ಉಂಟು ಹೇಳಿ? ಎಚ್ಚರಿಕೆಯನ್ನು ತಿರುಗಿಸಿ ಹಾಕಿ. ಒದ್ದೆ ಇದೆ ಅಂತ ಯಾರೂ ಹೇಳಬೇಕಾಗಿಲ್ಲ, ನಿಮಗೆ ತಿಳಿಯಬೇಕಾದ್ದು ಹೊಳವು. ತೇವಾಂಶ 85ಕ್ಕಿಂತ ಕೆಳಗೆ ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಹೇಳು ಅಂತ ಮಾಡಿ. ನಾವು ಹಾಗೆ ಮಾಡಿದ್ದು. ಮದ್ದು ಗೊನೆಗೆ ಅಂಟಿ ಒಣಗಲಿಕ್ಕೆ ಆ ಹೊಳವು ಬೇಕು. ಮತ್ತೆ, ಅಂಕಿಗಳನ್ನು ದಿನ ದಿನ ಬರೆದಿಡಿ. ಒಂದು ವಾರ ಆದಾಗ ನಿಮ್ಮ ಕಣಿವೆಯಲ್ಲಿ ಹೊಳವು ಎಷ್ಟು ಗಂಟೆಗೆ ಬರುತ್ತದೆ ಎಂದು ಕಾಣುತ್ತದೆ.

ಇನ್ನೊಂದು. ಗಾಳಿಯ ತೇವ ಬೇರೆ, ಗೊನೆಯ ಮೇಲಿನ ನೀರು ಬೇರೆ. ಮಳೆ ನಿಂತು ಗಾಳಿ ಒಣಗಿದರೂ ಗೊನೆಯ ಸಂದಿನಲ್ಲಿ ನೀರು ಇರುತ್ತದೆ. ಅದನ್ನು ನಿಮ್ಮ ತಂದೆಯವರ ಕಣ್ಣೇ ನೋಡಬೇಕು. ಸೆನ್ಸರಿನ ಮೇಲೆಯೇ ನೀರು ಕೂತರೆ ಅದು ಒಣಗುವವರೆಗೆ 100 ತೋರಿಸುತ್ತಾ ಇರುತ್ತದೆ. ಮುಂದಿನ ಸಲ ಎಸ್‌ಎಚ್‌ಟಿ31 ತೆಗೆದುಕೊಳ್ಳಿ, ಅದರೊಳಗೆ ಸಣ್ಣ ಹೀಟರ್ ಉಂಟು, ಒಣಗಿಸಿಕೊಳ್ಳಬಹುದು.

ಬೆಸುಗೆಕಡ್ಡಿ · ಜುಲೈ 9, ಬೆಳಗ್ಗೆ 9:40

ಮಳೆಯ ಪ್ರಮಾಣಕ್ಕೆ ನೀವೇ ಮಾಪಕ ಕಟ್ಟಬೇಕಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಆ ಅಂಕಿಯನ್ನು ನಿಮ್ಮ ತೇವಾಂಶದ ಗೆರೆಯ ಪಕ್ಕ ಇಟ್ಟು ನೋಡಿ, ಮಳೆ ನಿಂತ ಎಷ್ಟು ಹೊತ್ತಿಗೆ ನಿಮ್ಮ ತೋಟ ಆರುತ್ತೆ ಅಂತ ತಿಳಿಯುತ್ತೆ.

ತೋಟದಮನೆ_ಸಾಗರ · ಜುಲೈ 21, ರಾತ್ರಿ 8:20

ಎಚ್ಚರಿಕೆ ತಿರುಗಿಸಿ ಹಾಕಿದೆ. ಹನ್ನೆರಡು ದಿನದ ಅಂಕಿ ಅಪ್ಪನ ಲೆಕ್ಕದ ಪುಸ್ತಕದಲ್ಲಿ ಬರೆದೆವು. ನಮ್ಮ ಕಣಿವೆ ಹೊಳವಾಗೋದು ಹನ್ನೊಂದೂವರೆ ಮೇಲೆ, ಮೂರು ಗಂಟೆಗೆ ಮತ್ತೆ ಮುಚ್ಚಿಕೊಳ್ಳುತ್ತೆ. ಇಷ್ಟು ವರ್ಷ ಕೊನೆಗಾರರನ್ನು ಬೆಳಗ್ಗೆ ಎಂಟಕ್ಕೆ ಕರೀತಿದ್ದೆವು. ಹನ್ನೊಂದರವರೆಗೆ ಹೊಡೆದ ಔಷಧಿ ಒದ್ದೆ ಗೊನೆಯ ಮೇಲೆ ಬಿದ್ದು ಇಳಿದು ಹೋಗ್ತಿತ್ತು ಅಂತ ಈಗ ಅನ್ನಿಸ್ತಿದೆ.

ಶನಿವಾರ ಅವರಿಗೆ ಮಧ್ಯಾಹ್ನ ಬನ್ನಿ ಅಂತ ಹೇಳಿದೆವು. ಬೆಳಗ್ಗೆ ಮೇಲ್ಮನೆಯವರ ತೋಟ, ಆಮೇಲೆ ನಮ್ಮದು. ಅವರಿಗೂ ಅನುಕೂಲವಾಯಿತು. 11:50ಕ್ಕೆ ಮೊಬೈಲ್ ಸದ್ದು ಮಾಡಿತು, 84. ಅಪ್ಪ ಸುಮ್ಮನೆ ಕೆಳಗಿಳಿದು ಒಂದು ಮರದ ಗೊನೆ ದೋಟಿಯಲ್ಲಿ ಅಲುಗಿಸಿ ನೋಡಿದರು, ಹನಿ ಬೀಳಲಿಲ್ಲ. ಹೂಂ ಅಂದರು. ಮೂರರೊಳಗೆ ಒಂದೂಕಾಲು ಎಕರೆ ಮುಗೀತು. ಉಳಿದದ್ದಕ್ಕೆ ಮುಂದಿನ ಹೊಳವು ಕಾಯ್ತಿದ್ದೇವೆ.

ಮೇಲ್ಮನೆಯವರು ತಮ್ಮ ತೋಟಕ್ಕೂ ಒಂದು ಬೇಕು ಅಂತಿದ್ದಾರೆ. ನಮ್ಮ ಜಗಲಿಯ ಬೋರ್ಡಿಗೇ ಎರಡನೇ ಮಾಪಕ ಕಳಿಸೋ ಹಾಗೆ ಮಾಡಬಹುದಾ? ಎರಡೂ ಒಟ್ಟಿಗೆ ಮಾತಾಡಿದರೆ ಏನಾಗುತ್ತೆ?

ಬೆಸುಗೆಕಡ್ಡಿ · ಜುಲೈ 21, ರಾತ್ರಿ 9:00

ಧಾರಾಳವಾಗಿ. ಪ್ರತಿ ಸಂದೇಶದ ಮೊದಲ ಬೈಟಿನಲ್ಲಿ ಮಾಪಕದ ಸಂಖ್ಯೆ ಹಾಕಿ, ನಿಮ್ಮದು 1, ಅವರದು 2. ಒಟ್ಟಿಗೆ ಮಾತಾಡಿದರೆ ಎರಡರಲ್ಲಿ ಒಂದಾದರೂ ಕೆಡುತ್ತೆ. ಅದಕ್ಕೆ ನಿದ್ದೆಯ ಅವಧಿಗೆ ಪ್ರತಿ ಸಲ ಹತ್ತಿಪ್ಪತ್ತು ಸೆಕೆಂಡ್ ಹೆಚ್ಚುಕಡಿಮೆ ಮಾಡಿ, ಒಮ್ಮೆ ಡಿಕ್ಕಿಯಾದವು ಮುಂದಿನ ಸಲ ಬೇರೆಯಾಗುತ್ತವೆ. ಸೆನ್ಸರ್ ಬಂದ ಕೂಡಲೇ ಐಡಿ ಓದಿ, ಉಪ್ಪಿನ ಡಬ್ಬಿಯಲ್ಲಿಡಿ.

ಮೇಷ್ಟ್ರು_ಧಾರವಾಡ · ಜುಲೈ 21, ರಾತ್ರಿ 9:14

ಎರಡೂ ಸೆನ್ಸರ್ ಒಂದೇ ಡಬ್ಬಿಯಾಗ ಒಟ್ಟಿಗೆ ಇಡು ತಮ್ಮಾ. ಇಲ್ಲಂದ್ರ ನಾಳೆ ಎರಡು ತೋಟದ ಅಂಕಿ ಹೋಲಿಸೂವಾಗ ತಕರಾರು ಬರ್ತದ.